ಗೊರಕೆಯಿಂದ ಸ್ಲೀಪ್ ಸ್ಟಡಿ ವರದಿಯವರೆಗೆ: ಕಾಸರಗೋಡಿನಿಂದ ಹೊರಡುವವರಿಗೆ ಒಂದಿಷ್ಟು ವಿವರ

ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ (ಸ್ಲೀಪ್ ಅಪ್ನಿಯ) ಇದೆಯೇ ಎಂದು ರಾತ್ರಿಯಿಡೀ ಅಳೆದು ನೋಡುವ ಪರೀಕ್ಷೆಯೇ ಸ್ಲೀಪ್ ಸ್ಟಡಿ. ನಮ್ಮ ಮನೆಯವರ, ಅಂದರೆ ನನ್ನ ಗಂಡನ, ಸ್ಲೀಪ್ ಸ್ಟಡಿ ಮುಗಿದು ವರದಿ ಕೈಗೆ ಬಂದಿದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಇದೇ ದಾರಿಯಲ್ಲಿ ಹೋಗಬೇಕಾದವರು ಇನ್ನೂ ತುಂಬ ಮಂದಿ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಮನೆಯಲ್ಲೇ ಮಾಡಿದ ಮೊದಲ ಪರೀಕ್ಷೆ ಇವರದು ‘ಸೌಮ್ಯ’ ತೊಂದರೆ ಎಂದಿತು. ಮಂಗಳೂರಿನ ಲ್ಯಾಬಿನಲ್ಲಿ ಮಾಡಿದ ಪರೀಕ್ಷೆ ‘ತೀವ್ರ’ ಎಂದಿತು. ಎರಡರ ನಡುವೆ ತೂಕವಾಗಲಿ ಮದ್ದಾಗಲಿ ಬದಲಾಗಿರಲಿಲ್ಲ. ಎರಡು ವರದಿಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ. ಉಸಿರು ನಿಂತ, ಕುಗ್ಗಿದ ಸಲಗಳಲ್ಲಿ ಯಾವುದನ್ನು ಎಣಿಸಿದರು, ಎಷ್ಟು ಗಂಟೆಯಿಂದ ಭಾಗಿಸಿದರು ಎಂದು ಕೇಳದೆ ಇದ್ದಿದ್ದರೆ ಮೊದಲ ವರದಿಯನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುವ ಸಾಧ್ಯತೆ ಇತ್ತು.

ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯ ಎಂದರೆ ಇಷ್ಟು: ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ, ನಾಲಿಗೆಯ ಬುಡವೂ ಕಿರುನಾಲಿಗೆಯ ಸುತ್ತಲಿನ ಮೆದು ಭಾಗವೂ ಹಿಂದಕ್ಕೆ ಕುಸಿದು ಉಸಿರಿನ ದಾರಿ ಮುಚ್ಚುತ್ತದೆ. ಎದೆ, ಹೊಟ್ಟೆ ಎಳೆಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದ ಆಮ್ಲಜನಕ ಇಳಿಯುತ್ತದೆ, ಮೆದುಳು ಅರೆಕ್ಷಣ ಎಚ್ಚರವಾಗುತ್ತದೆ, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಬೆಳಗ್ಗೆ ಎದ್ದಾಗ ಇದರಲ್ಲಿ ಒಂದೂ ನೆನಪಿರುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಮಲಗುವವರ ಮಾತು ಈ ಕಾಯಿಲೆಯಲ್ಲಿ ಬಹಳ ಮುಖ್ಯ.

ನಮ್ಮನ್ನು ಈ ದಾರಿಗೆ ಹಚ್ಚಿದ್ದು ಬಿಪಿ. ಎರಡು ಬಗೆಯ ಮಾತ್ರೆ ಕೊಟ್ಟರೂ ಇಳಿಯದೆ ಮೂರನೆಯದು ಸೇರಿಸಬೇಕಾಯಿತು. ರಾತ್ರಿ ಮೂತ್ರಕ್ಕೆ ಪದೇ ಪದೇ ಏಳುವುದು, ಬೆಳಗ್ಗೆ ಬಾಯಿ ಒಣಗಿ ತಲೆ ಭಾರ, ಮಧ್ಯಾಹ್ನ ಕುಳಿತಲ್ಲೇ ತೂಕಡಿಕೆ. ಊರಿನ ಡಾಕ್ಟರು ಕೊನೆಗೆ ಕೇಳಿದರು, “ರಾತ್ರಿ ಉಸಿರು ನಿಲ್ಲುವುದುಂಟಾ?” ಇವರು, “ಹಾಗೇನಿಲ್ಲ ಡಾಕ್ಟ್ರೇ, ಸ್ವಲ್ಪ ಗೊರಕೆ ಅಷ್ಟೆ” ಎಂದರು. ನಾನು, “ಉಂಟು ಡಾಕ್ಟ್ರೇ. ನಿಂತು, ಆಮೇಲೆ ಬೆಚ್ಚಿದ ಹಾಗೆ ಎಳೆದುಕೊಳ್ಳುತ್ತಾರೆ” ಎಂದೆ. ಗುಳಿಗೆಗೆ ಜಗ್ಗದ ಬಿಪಿ ಇರುವವರಲ್ಲಿ ಈ ಕಾಯಿಲೆ ಸಾಮಾನ್ಯ. ಮೂರು ಮಾತ್ರೆಗೂ ಬಿಪಿ ಇಳಿಯದಿದ್ದರೆ ಈ ಪ್ರಶ್ನೆಯನ್ನು ನೀವಾಗಿಯೇ ಎತ್ತಿ.

ಹೊರಡುವ ಮೊದಲು ಮಾಡಬೇಕಾದ ಒಂದು ಕೆಲಸ, ವಿಡಿಯೊ. ಗೊರಕೆಯ ಸದ್ದು ಮಾತ್ರ ಹಿಡಿದರೆ ಸಾಲದು. ಮಂದ ಬೆಳಕಿನಲ್ಲಿ ಎದೆ, ಹೊಟ್ಟೆ, ಮುಖ ಮೂರೂ ಕಾಣುವ ಹಾಗೆ ಮೊಬೈಲ್ ಇಟ್ಟು, ಹೊದಿಕೆಯನ್ನು ಸೊಂಟದವರೆಗೆ ಸರಿಸಿ, ಐದು ನಿಮಿಷ ಬಿಡದೆ ತೆಗೆಯಿರಿ. ಬೆಳಗಿನ ಜಾವ, ಅಂಗಾತ ಮಲಗಿದಾಗ ತೆಗೆದರೆ ಒಳ್ಳೆಯದು. ಕನಸು ಬೀಳುವ ರೆಮ್ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು, ಆಗ ಸ್ನಾಯುಗಳು ಇನ್ನಷ್ಟು ಸಡಿಲ. ಸದ್ದು ನಿಂತಾಗ ಹೊಟ್ಟೆ ಏರಿಳಿಯುತ್ತಿದೆಯೇ ಎಂಬುದನ್ನು ವೈದ್ಯರು ಮೊದಲು ನೋಡುತ್ತಾರೆ. ಏರಿಳಿಯುತ್ತಿದ್ದರೆ ದಾರಿ ಮುಚ್ಚಿದೆ. ಎದೆಯೂ ಹೊಟ್ಟೆಯೂ ಸ್ತಬ್ಧವಾಗಿದ್ದರೆ ಮೆದುಳಿನಿಂದ ಆಜ್ಞೆಯೇ ಬಂದಿಲ್ಲ, ಅದು ಸೆಂಟ್ರಲ್ ಅಪ್ನಿಯ, ಬೇರೆ ವಿಚಾರ.

ಯಾವ ವಿಭಾಗಕ್ಕೆ ಹೋಗುವುದು ಎಂಬಲ್ಲಿ ಮೊದಲ ಗೊಂದಲ. ಕೆಲವು ಆಸ್ಪತ್ರೆಗಳಲ್ಲಿ ಸ್ಲೀಪ್ ಲ್ಯಾಬ್ ಶ್ವಾಸಕೋಶ ವಿಭಾಗದ ಕೈಯಲ್ಲಿದೆ, ಕೆಲವು ಕಡೆ ಇಎನ್‌ಟಿ ಅಥವಾ ನರರೋಗ ವಿಭಾಗದಲ್ಲಿ. ಹೋಗುವ ಮೊದಲು ಫೋನ್ ಮಾಡಿ, “ಲೆವೆಲ್ 1 (ಲ್ಯಾಬಿನಲ್ಲೇ ಮಲಗಿಸಿ ಮಾಡುವ ಪೂರ್ತಿ ಪರೀಕ್ಷೆ) ಸ್ಲೀಪ್ ಸ್ಟಡಿ ಮಾಡುತ್ತೀರಾ, ಯಾವ ಒಪಿಡಿಯಿಂದ ಬರೆಸಬೇಕು” ಎಂದು ಕೇಳಿಕೊಂಡರೆ ಒಂದು ಸುತ್ತು ಓಡಾಟ ಉಳಿಯುತ್ತದೆ. ಜಿಲ್ಲೆಯ ದಕ್ಷಿಣದವರು ಕಣ್ಣೂರಿನ ಪರಿಯಾರಂ ಮೆಡಿಕಲ್ ಕಾಲೇಜಿನ ಕಡೆಗೂ ಹೋಗುತ್ತಾರೆ, ನಮಗೆ ಮಂಗಳೂರೇ ಅನುಕೂಲ. ಊರಿನ ಡಾಕ್ಟರ ರೆಫರೆನ್ಸ್ ಚೀಟಿ, ಹಳೆಯ ಇಸಿಜಿ, ಬಿಪಿ ಬರೆದಿಟ್ಟ ಪುಸ್ತಕ, ಈಗ ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಆಧಾರ್‌ನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ವಿಮೆ ಕಾರ್ಡಿನಲ್ಲಿ ಮುಂದೆ ಇರುವುದು ನಮ್ಮ ಕಡೆ ಸಾಮಾನ್ಯ. ಆಸ್ಪತ್ರೆಯ ನೋಂದಣಿಯಲ್ಲಿ ವಿಮೆ ಕಾರ್ಡಿನ ಹೆಸರನ್ನೇ ಅಕ್ಷರ ಬಿಡದೆ ಬರೆಸಿ.

ಒಪಿಡಿಯಲ್ಲಿ ಎರಡು ಪ್ರಶ್ನಾವಳಿ ಕೊಡುತ್ತಾರೆ. ಮೊದಲನೆಯದು ಟೊರಾಂಟೊದ ಅರಿವಳಿಕೆ ತಜ್ಞರು ರೂಪಿಸಿ 2008ರಲ್ಲಿ ಪ್ರಕಟಿಸಿದ ಸ್ಟಾಪ್-ಬ್ಯಾಂಗ್. ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಬೇರೆಯವರು ಕಂಡದ್ದು, ಬಿಪಿ, ಬಿಎಂಐ (ಎತ್ತರಕ್ಕೆ ತೂಕದ ಅಳತೆ) 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿದ್ದು, ಕತ್ತಿನ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚು, ಗಂಡಸು: ಒಂದೊಂದಕ್ಕೆ ಒಂದು ಅಂಕ. 0ರಿಂದ 2 ಕಡಿಮೆ ಅಪಾಯ, 3-4 ಮಧ್ಯಮ, 5ರಿಂದ ಮೇಲೆ ಹೆಚ್ಚು. ಇವರ ವಯಸ್ಸು 54, ಎತ್ತರ 168 ಸೆಂಟಿಮೀಟರ್, ತೂಕ 82 ಕಿಲೊ, ಕತ್ತು 42 ಸೆಂಟಿಮೀಟರ್; ಬಂದದ್ದು 7. ಬಿಎಂಐ 29 ಆದ್ದರಿಂದ ಆ ಒಂದು ಅಂಕ ಸಿಗಲಿಲ್ಲ. ಆದರೆ ಭಾರತೀಯರಿಗೆ ಬಿಎಂಐ 25 ದಾಟಿದರೇ ಬೊಜ್ಜು ಎಂದು ನಮ್ಮ ವೈದ್ಯರ ಲೆಕ್ಕ. 35 ನಮ್ಮ ಮೈಕಟ್ಟಿಗೆ ತೀರ ಎತ್ತರದ ಗೆರೆ. ನೋಡಲು ದಪ್ಪವಿಲ್ಲದವರಲ್ಲೂ ದವಡೆ ಹಿಂದೆ ಸರಿದಿದ್ದರೆ, ಗಂಟಲು ಕಿರಿದಾಗಿದ್ದರೆ ಈ ತೊಂದರೆ ಬರುತ್ತದೆ.

ಎರಡನೆಯದು ಎಪ್‌ವರ್ತ್ ಸ್ಕೇಲ್. ಮೆಲ್ಬರ್ನ್‌ನ ಮರ್ರೆ ಜಾನ್ಸ್ 1991ರಲ್ಲಿ ಕೊಟ್ಟದ್ದು. ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಂಭವವನ್ನು 0ರಿಂದ 3ರವರೆಗೆ ಗುರುತಿಸಬೇಕು. ಒಟ್ಟು 24, 10 ಮೀರಿದರೆ ಹೆಚ್ಚು. ತೋಟದ ಕೆಲಸದವರಿಗೆ ಇದನ್ನು ತುಂಬುವುದು ಸುಲಭವಲ್ಲ. ಊಟದ ನಂತರ ಅಡ್ಡಾಗಿ ನಿದ್ದೆ ಮಾಡುವುದು ನಮ್ಮಲ್ಲಿ ಎಲ್ಲರ ರೂಢಿ, ಅದಕ್ಕೆ 3 ಬಂದರೆ ವಿಶೇಷವೇನಿಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟದಲ್ಲಿ ಕಣ್ಣು ಮುಚ್ಚಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಹಗಲಿನ ಸಭೆ, ಕಾಸರಗೋಡಿಗೆ ಹೋಗುವ ಬಸ್ಸು, ಯಾರೊಂದಿಗೋ ಮಾತಾಡುತ್ತಾ ಕುಳಿತದ್ದು ಇವುಗಳಲ್ಲಿ ಏನಾಗುತ್ತದೆ ಎಂಬುದೇ ಮುಖ್ಯ. ಇವರು ತಾವೇ ತುಂಬಿದಾಗ 6 ಬಂತು. ವೈದ್ಯರು ಅದೇ ಹಾಳೆಯನ್ನು ನನಗೂ ಕೊಟ್ಟರು, ನನ್ನ ಲೆಕ್ಕದಲ್ಲಿ 13. ನಿಮಗೆ ಕೊಡದಿದ್ದರೆ ಕೇಳಿ ಪಡೆಯಿರಿ. ಪ್ರಶ್ನಾವಳಿ ಅಪಾಯವನ್ನು ಅಂದಾಜು ಮಾಡುತ್ತದೆ ಅಷ್ಟೆ, ಕಾಯಿಲೆ ಇದೆ ಎಂದು ಹೇಳಲು ರಾತ್ರಿಯ ದಾಖಲೆಯೇ ಬೇಕು. ಕೈಗಡಿಯಾರದ ಆಮ್ಲಜನಕದ ಗೆರೆ ತೋರಿಸಿದರೂ ಅದರ ಮೇಲೆ ಯಾರೂ ನಿರ್ಧಾರ ಮಾಡುವುದಿಲ್ಲ.

ಲ್ಯಾಬಿನಲ್ಲಿ ಹಾಸಿಗೆ ಸಿಗಲು ವಾರಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಮನೆಯಲ್ಲೇ ಮಾಡುವ ಪರೀಕ್ಷೆ ಮಾಡಿಸಿ ಎಂದರು. ಇದು ಲೆವೆಲ್ 3. ಎದೆಗೆ ಒಂದು ಬೆಲ್ಟು, ಅದರ ಮೇಲೆ ಅಂಗೈಯಗಲದ ಪೆಟ್ಟಿಗೆ, ಮೂಗಿಗೆ ಎರಡು ಕಡ್ಡಿಯ ನಳಿಗೆ, ಬೆರಳಿಗೆ ಆಮ್ಲಜನಕದ ಕ್ಲಿಪ್. ಖರ್ಚು ನಮಗೆ 4,500 ರೂಪಾಯಿ, ಜೊತೆಗೆ ಮರಳಿ ಸಿಗುವ ಡಿಪಾಸಿಟ್. ಕೆಡುವುದು ಹೆಚ್ಚಾಗಿ ಎರಡು ಕಡೆ: ನಿದ್ದೆಯಲ್ಲಿ ಮೂಗಿನ ನಳಿಗೆ ಸರಿಯುತ್ತದೆ, ಬೆರಳಿನ ಕ್ಲಿಪ್ ಕಳಚುತ್ತದೆ. ನಳಿಗೆಯನ್ನು ಎರಡೂ ಕೆನ್ನೆಗೆ, ಕ್ಲಿಪ್ಪಿನ ವಯರನ್ನು ಬೆರಳಿಗೂ ಮಣಿಕಟ್ಟಿಗೂ ಪೇಪರ್ ಟೇಪಿನಿಂದ ಅಂಟಿಸಿ. ಉಗುರಿಗೆ ಬಣ್ಣ, ಮದರಂಗಿ ಇರಬಾರದು. ಬೆವರಿದ ಮೈಗೆ ಟೇಪು ನಿಲ್ಲುವುದಿಲ್ಲ, ಕೆನ್ನೆ ತೊಳೆದು ಒರೆಸಿಕೊಳ್ಳಿ. ಕನಿಷ್ಠ 4 ಗಂಟೆಯ ಸರಿಯಾದ ದಾಖಲೆ ಇಲ್ಲದಿದ್ದರೆ ಪರೀಕ್ಷೆ ಮತ್ತೆ ಮಾಡಬೇಕು. ಹೃದಯ ವೈಫಲ್ಯ, ದೊಡ್ಡ ಮಟ್ಟದ ಶ್ವಾಸಕೋಶದ ಕಾಯಿಲೆ, ಪಾರ್ಶ್ವವಾಯು ಆದವರು, ಸ್ನಾಯು ದೌರ್ಬಲ್ಯದವರು, ಅಫೀಮು ವರ್ಗದ ನೋವಿನ ಮದ್ದು ತೆಗೆದುಕೊಳ್ಳುವವರು ಇದನ್ನು ಬಿಟ್ಟು ನೇರ ಲ್ಯಾಬಿಗೇ ಹೋಗಬೇಕು.

ಇವರ ದಾಖಲೆ ಏಳೂವರೆ ಗಂಟೆ ಬಂತು. ಉಸಿರು ನಿಂತ ಅಥವಾ ಕಡಿಮೆಯಾದ ಘಟನೆಗಳು 98, ಅಂದರೆ ಗಂಟೆಗೆ 13. 5ರಿಂದ 15ರ ಒಳಗೆ ‘ಸೌಮ್ಯ’. ಇವರಿಗೆ ನಿರಾಳವಾಯಿತು, “ಅಷ್ಟೇ ಅಲ್ವಾ, ಮಲಗುವ ಭಂಗಿ ಬದಲಿಸಿದರೆ ಸಾಕಂತೆ” ಎಂದರು. ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ರಾತ್ರಿ ಕೇಳಿದ್ದು ಹಾಗಿರಲಿಲ್ಲ. ವೈದ್ಯರು ಲೆಕ್ಕ ಬಿಡಿಸಿ ತೋರಿಸಿದರು. ಈ ಪೆಟ್ಟಿಗೆಗೆ ಮೆದುಳಿನ ತರಂಗ ಗೊತ್ತಿಲ್ಲ. ಮೂತ್ರಕ್ಕೆ ಎದ್ದ ಹೊತ್ತು, ನಿದ್ದೆ ಬಾರದೆ ಹೊರಳಾಡಿದ ಹೊತ್ತು ಎಲ್ಲವನ್ನೂ ಅದು ಭಾಜಕಕ್ಕೆ ಸೇರಿಸುತ್ತದೆ. ನಿಜವಾದ ನಿದ್ದೆ ಐದೇ ಗಂಟೆಯಾಗಿದ್ದರೆ ಅದೇ 98 ಘಟನೆ ಗಂಟೆಗೆ ಸುಮಾರು 20 ಆಗುತ್ತದೆ, ಅಂದರೆ ‘ಮಧ್ಯಮ’. ಆಮ್ಲಜನಕ ಹೆಚ್ಚು ಇಳಿಯದೆ ಬರೀ ಎಚ್ಚರದಲ್ಲಿ ಮುಗಿಯುವ ಘಟನೆಗಳು ಅದಕ್ಕೆ ಕಾಣುವುದೇ ಇಲ್ಲ. ಮನೆಯ ಪರೀಕ್ಷೆಯಲ್ಲಿ ಸಂಖ್ಯೆ ಹೆಚ್ಚು ಬಂದರೆ ನಂಬಬಹುದು. ಲಕ್ಷಣಗಳು ಜೋರಾಗಿದ್ದು ಸಂಖ್ಯೆ ಕಡಿಮೆ ಬಂದರೆ ಲ್ಯಾಬಿನ ಪರೀಕ್ಷೆ ಬೇಕೇ ಬೇಕು.

ಲ್ಯಾಬಿನವರು ಕೊಟ್ಟ ದಿನಾಂಕದ ಹೊತ್ತಿಗೆ ಇವರಿಗೆ ಜೋರು ಶೀತ. ಮೂಗು ಕಟ್ಟಿದ ರಾತ್ರಿಯ ಫಲಿತಾಂಶ ನಂಬಲಾಗದು ಎಂದು ಮುಂದೂಡಿದರು, ಮತ್ತೆ ಕಾಯುವಿಕೆ. ಮಳೆಗಾಲದಲ್ಲಿ ದಿನಾಂಕ ಪಡೆಯುವವರು ಇದನ್ನು ನೆನಪಿಡಿ, ಎರಡು ದಿನ ಮೊದಲೇ ಫೋನ್ ಮಾಡಿ ತಿಳಿಸಿದರೆ ಮುಂಗಡ ಹಣ ಉಳಿಯುತ್ತದೆ.

ಲ್ಯಾಬಿಗೆ ಹೋಗುವ ದಿನ ಮುಖ್ಯವಾದ್ದು ತಲೆ. ತೆಂಗಿನೆಣ್ಣೆ ಹಚ್ಚದ ದಿನವೇ ಇಲ್ಲ ಎನ್ನುವ ಊರು ನಮ್ಮದು. ಎಣ್ಣೆಯ ಜಿಡ್ಡಿದ್ದರೆ ಎಲೆಕ್ಟ್ರೋಡ್ (ತಲೆಗೆ ಅಂಟಿಸುವ ವಯರಿನ ತುದಿ) ಹಿಡಿಯುವುದಿಲ್ಲ, ನಡುರಾತ್ರಿ ಕಳಚುತ್ತದೆ. ಹಿಂದಿನ ದಿನದಿಂದಲೇ ಎಣ್ಣೆ ನಿಲ್ಲಿಸಿ, ಆ ದಿನ ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ. ಗಲ್ಲದ ಮೇಲೂ ಎಲೆಕ್ಟ್ರೋಡ್ ಕೂರುವುದರಿಂದ ಕ್ಷೌರ ಮಾಡಿಕೊಳ್ಳಬೇಕು, ಗಡ್ಡ ಬಿಟ್ಟವರು ಮೊದಲೇ ಕೇಳಿಕೊಳ್ಳಿ. ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ. ಹಗಲು ನಿದ್ದೆ ಬೇಡ. ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರು ಸಂಜೆಯ ನಂತರ ಹಾಕಬಾರದು, ನಿಕೋಟಿನ್ ನಿದ್ದೆ ಕೆಡಿಸುತ್ತದೆ. ಬಿಪಿ, ಸಕ್ಕರೆಯ ಮಾತ್ರೆ ಎಂದಿನಂತೆ ತೆಗೆದುಕೊಳ್ಳಬೇಕು. ನಿದ್ದೆ ಮಾತ್ರೆ, ಮದ್ಯ ಇವು ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ರೂಢಿಯಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಮುಂದೆ ಗುಂಡಿಯಿರುವ ಅಂಗಿ, ಲುಂಗಿ, ಸ್ವಂತ ತಲೆದಿಂಬು ಒಯ್ಯಿರಿ. ತಲೆದಿಂಬಿನ ಎತ್ತರ ಬದಲಾದರೆ ನಿದ್ದೆಯೂ ಬದಲಾಗುತ್ತದೆ.

ಸಂಜೆ ಏಳಕ್ಕೆ ಬರಹೇಳಿದ್ದರು. ಹೆದ್ದಾರಿ 66ರ ಸಂಜೆಯ ದಟ್ಟಣೆ ನೋಡಿಕೊಂಡು ಹೊರಡಿ, ರೈಲು ಸಿಕ್ಕಿದರೆ ಒಳ್ಳೆಯದು. ಟೆಕ್ನಿಷಿಯನ್ ಟೇಪಿನಲ್ಲಿ ತಲೆ ಅಳೆದು, ಪೆನ್ಸಿಲಿನಲ್ಲಿ ಗುರುತು ಮಾಡಿ, ಚರ್ಮ ಉಜ್ಜಿ, ಬಿಳಿ ಪೇಸ್ಟಿನಲ್ಲಿ ಒಂದೊಂದಾಗಿ ಕೂರಿಸುತ್ತಾರೆ. ತಲೆಯ ಮುಂದೆ, ನಡುವೆ, ಹಿಂದೆ ಮೆದುಳಿನ ತರಂಗಕ್ಕೆ, ಕಣ್ಣಿನ ಬದಿಗೆ ಕಣ್ಣಿನ ಚಲನೆಗೆ, ಗಲ್ಲಕ್ಕೆ ಮತ್ತು ಎರಡೂ ಮೊಣಕಾಲ ಕೆಳಗೆ ಸ್ನಾಯುವಿಗೆ, ಎದೆಗೆ ಇಸಿಜಿಗೆ. ಎದೆ, ಹೊಟ್ಟೆಗೆ ಬೇರೆ ಬೇರೆ ಬೆಲ್ಟು. ಮೂಗಿನ ಹತ್ತಿರ ಎರಡು ಸಾಧನ: ಬಿಸಿಗಾಳಿ ಗುರುತಿಸುವ ತರ್ಮಿಸ್ಟರ್, ಒತ್ತಡ ಅಳೆಯುವ ನಳಿಗೆ. ಉಸಿರು ಪೂರ್ತಿ ನಿಂತದ್ದನ್ನು ಮೊದಲನೆಯದರಿಂದ, ಕಡಿಮೆಯಾದದ್ದನ್ನು ಎರಡನೆಯದರಿಂದ ನಿರ್ಧರಿಸುತ್ತಾರೆ. ಈ ಕೆಲಸಕ್ಕೇ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಆಮೇಲೆ ಮೈಕಿನಲ್ಲಿ, ಕಣ್ಣು ಎಡಕ್ಕೆ ಬಲಕ್ಕೆ ಹೊರಳಿಸಿ, ಹಲ್ಲು ಕಚ್ಚಿ, ಪಾದ ಅಲ್ಲಾಡಿಸಿ, ಉಸಿರು ಹಿಡಿಯಿರಿ ಎನ್ನುತ್ತಾರೆ. ವಯರುಗಳು ಸರಿಯಾಗಿವೆಯೇ ಎಂದು ನೋಡುವ ಕ್ರಮ ಅದು. ಮೂತ್ರಕ್ಕೆ ಏಳಬೇಕಾದರೆ ಕರೆದರೆ ಸಾಕು, ಒಂದೇ ಪ್ಲಗ್ ಕಳಚಿ ಬಿಡುತ್ತಾರೆ.

ಮಲಗುವ ಮೊದಲು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದರು. ಮೊದಲ ಎರಡು ಗಂಟೆಯಲ್ಲೇ ತೊಂದರೆ ಸ್ಪಷ್ಟವಾಗಿ ಕಂಡರೆ ಉಳಿದ ರಾತ್ರಿ ಸಿಪ್ಯಾಪ್ (ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಯಂತ್ರ) ಮಾಸ್ಕ್ ಹಾಕಿ ಒತ್ತಡ ಹೊಂದಿಸುವುದು, ಸ್ಪ್ಲಿಟ್ ನೈಟ್. ಎರಡನೇ ರಾತ್ರಿಯ ಖರ್ಚು ಉಳಿಯುತ್ತದೆ, ಆದರೆ ಹೊಂದಿಸಲು ಕನಿಷ್ಠ 3 ಗಂಟೆ ಬೇಕು. ಮಾಸ್ಕನ್ನು ಎಚ್ಚರವಿರುವಾಗಲೇ ಮುಖಕ್ಕೆ ಹಿಡಿದು ನೋಡಿ, ನಡುರಾತ್ರಿ ಮೊದಲ ಸಲ ಹಾಕಿದರೆ ಗಾಬರಿಯಾಗುತ್ತದೆ. ಇವರು ಮೊದಲ ಹೊತ್ತು ಮಗ್ಗುಲಲ್ಲೇ ಮಲಗಿದ್ದರಿಂದ ಆ ಮಟ್ಟಕ್ಕೆ ಬರಲಿಲ್ಲ, ಇಡೀ ರಾತ್ರಿ ಪರೀಕ್ಷೆಯೇ ನಡೆಯಿತು.

ಹೊರಗೆ ಬೆಂಚಿನಲ್ಲಿ ಕುಳಿತವಳಿಗೆ ಒಂದೇ ಚಿಂತೆ, ಇಷ್ಟು ವಯರಿನಲ್ಲಿ ನಿದ್ದೆ ಬಾರದೆ ಹೋದರೆ? ಆ ಭಯ ಬೇಡ. ಹೊಸ ಜಾಗದಲ್ಲಿ ಎಲ್ಲರಿಗೂ ನಿದ್ದೆ ಕಡಿಮೆಯೇ, ಲ್ಯಾಬಿನವರಿಗೆ ಅದು ಗೊತ್ತು. ಇವರು 10.40ರಿಂದ 5.50ರವರೆಗಿನ 430 ನಿಮಿಷದಲ್ಲಿ 320 ನಿಮಿಷ ಮಲಗಿದ್ದರು, ಅದು ಸಾಕಾಯಿತು. ಬೆಳಗ್ಗೆ ಪೇಸ್ಟ್ ಬಿಡಿಸಲು ಬಿಸಿನೀರು ಬೇಕು. ಪರೀಕ್ಷೆಗೆ ಹೋದವರೇ ಕಾರು ಓಡಿಸಿಕೊಂಡು ತಲಪಾಡಿ ಗಡಿ ದಾಟುವುದು ಬೇಡ, ಜೊತೆಗೆ ಚಾಲಕರಿರಲಿ.

ವರದಿಗೆ ಒಂದು ವಾರ. ಕಂಪ್ಯೂಟರ್ ತಾನಾಗಿ ಎಣಿಸುತ್ತದೆ, ಆದರೆ ಟೆಕ್ನಿಷಿಯನ್ 30 ಸೆಕೆಂಡಿನ ಒಂದೊಂದು ಪುಟ ನೋಡಿ ತಿದ್ದಬೇಕು. ಇವರ ರಾತ್ರಿಗೇ 860 ಪುಟ. ‘ಕೈಯಿಂದ ಸ್ಕೋರ್ ಮಾಡಿದ್ದೇ?’ ಎಂದು ಕೇಳುವ ಹಕ್ಕು ನಿಮಗಿದೆ. ನಮಗೆ ಮೊದಲು ಕೊಟ್ಟದ್ದು ಒಂದೇ ಹಾಳೆಯ ಸಾರಾಂಶ, ಕೇಳಿದ ಮೇಲೆ ಪೂರ್ತಿ ವರದಿ ಸಿಕ್ಕಿತು. ಒಳಗಿನ ಪುಟಗಳೇ ಬೇಕಾದವು.

ಕನಿಷ್ಠ ಹತ್ತು ಸೆಕೆಂಡು ಉಸಿರಿನ ಗಾಳಿ ಶೇ. 90ರಷ್ಟು ಇಳಿದರೆ ಅಪ್ನಿಯ. ಶೇ. 30ರಷ್ಟು ಇಳಿದು, ಜೊತೆಗೆ ಆಮ್ಲಜನಕ ಶೇ. 3 ಕುಸಿದರೆ ಅಥವಾ ಎಚ್ಚರವಾದರೆ ಹೈಪಾಪ್ನಿಯ. ಎರಡನ್ನೂ ಕೂಡಿಸಿ ನಿದ್ದೆಯ ಗಂಟೆಯಿಂದ ಭಾಗಿಸಿದರೆ ಎಎಚ್‌ಐ. ಇವರದು ಅಬ್‌ಸ್ಟ್ರಕ್ಟಿವ್ 68, ಮಿಶ್ರ 4, ಸೆಂಟ್ರಲ್ 3, ಹೈಪಾಪ್ನಿಯ 101. ಒಟ್ಟು 176, ಗಂಟೆಗೆ 33. 15ರಿಂದ 30ರ ಒಳಗೆ ಮಧ್ಯಮ, 30 ಮತ್ತು ಮೇಲೆ ತೀವ್ರ. ಹೈಪಾಪ್ನಿಯಕ್ಕೆ ಶೇ. 4ರ ಕುಸಿತವೇ ಬೇಕು ಎಂಬ ಇನ್ನೊಂದು ನಿಯಮವೂ ಇದೆ. ಆ ಲೆಕ್ಕದಲ್ಲಿ 63 ಹೈಪಾಪ್ನಿಯ ಮಾತ್ರ ಉಳಿದು ಎಎಚ್‌ಐ ಸುಮಾರು 26 ಆಗುತ್ತದೆ, ಹಣೆಪಟ್ಟಿ ‘ಮಧ್ಯಮ’. ಎರಡು ಆಸ್ಪತ್ರೆಗಳ ವರದಿ ಹೋಲಿಸುವಾಗ ಯಾವ ನಿಯಮ ಎಂದು ಮೊದಲು ನೋಡಿ.

ಇನ್ನೊಂದು ಪುಟದಲ್ಲಿ ಭಂಗಿಯ ಲೆಕ್ಕ. ಅಂಗಾತ ಮಲಗಿದ 160 ನಿಮಿಷದಲ್ಲಿ 133 ಘಟನೆ, ಗಂಟೆಗೆ 50. ಮಗ್ಗುಲಲ್ಲಿ 160 ನಿಮಿಷಕ್ಕೆ 43, ಗಂಟೆಗೆ 16. ವಯರುಗಳಿಂದಾಗಿ ಲ್ಯಾಬಿನಲ್ಲಿ ಅಂಗಾತ ಮಲಗುವುದು ಹೆಚ್ಚು, ಮನೆಯಲ್ಲಿ ಇವರು ಮಗ್ಗುಲಲ್ಲೇ ಹೆಚ್ಚು. ಎರಡು ವರದಿಗಳ ಅಂತರದಲ್ಲಿ ಇದರ ಪಾಲೂ ಇದೆ. ಆದರೆ ಮಗ್ಗುಲಲ್ಲೂ 16 ಇರುವುದರಿಂದ ಭಂಗಿ ಬದಲಿಸಿದರೆ ಸಾಕು ಎನ್ನುವ ಹಾಗಿಲ್ಲ. ಆಮ್ಲಜನಕದ ಕನಿಷ್ಠ ಮಟ್ಟ ಶೇ. 78, ಶೇ. 90ಕ್ಕಿಂತ ಕೆಳಗಿದ್ದ ಹೊತ್ತು ಸುಮಾರು 29 ನಿಮಿಷ. ವೈದ್ಯರು ಬಿಪಿಯನ್ನೂ ತೂಕಡಿಕೆಯನ್ನೂ ಈ ಆಮ್ಲಜನಕದ ಲೆಕ್ಕದ ಜೊತೆಗಿಟ್ಟೇ ತೀರ್ಮಾನಿಸಿದರು, ಎಎಚ್‌ಐ ಒಂದರಿಂದಲೇ ಅಲ್ಲ. ಎಎಚ್‌ಐ 5 ದಾಟಿ ಲಕ್ಷಣವೋ ಬಿಪಿಯಂಥ ಕಾಯಿಲೆಯೋ ಇದ್ದರೂ ರೋಗವೆಂದೇ ಲೆಕ್ಕ. ಏನೂ ಇಲ್ಲದವರಿಗೆ ಆ ಗೆರೆ 15.

ಆಮೇಲೆ ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ರಕ್ತದ ಬೈಕಾರ್ಬೊನೇಟ್ ಮಾಡಿಸಿದರು. ಬೈಕಾರ್ಬೊನೇಟ್ 27 ಅಥವಾ ಹೆಚ್ಚಿದ್ದರೆ ಹಗಲಲ್ಲೂ ಇಂಗಾಲದ ಡೈಆಕ್ಸೈಡ್ ಉಳಿಯುತ್ತಿದೆಯೇ ಎಂದು ನೋಡಬೇಕಾಗುತ್ತದೆ, ಇವರದು 25. ಇಎನ್‌ಟಿಯವರು ಮೂಗಿನ ನಡುಗೋಡೆ, ಟಾನ್ಸಿಲ್ ನೋಡಿದರು. ಮುಂದಿನದು ಸಿಪ್ಯಾಪ್ ಒತ್ತಡ ಹೊಂದಿಸುವ ಹಂತ.

ಖರ್ಚು: ಲ್ಯಾಬಿಗೆ 12,000, ರಕ್ತ ಪರೀಕ್ಷೆಗೆ 1,800, ಮೇಲೆ ಹೇಳಿದ 4,500, ಓಡಾಟ ಬೇರೆ. ವಿಮೆಯಿಂದ ಏನೂ ಬರಲಿಲ್ಲ. ಕೇವಲ ತಪಾಸಣೆಗಾಗಿ ದಾಖಲಾದರೆ ಹಣವಿಲ್ಲ ಎಂಬುದು ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಪಟ್ಟಿಯ 04ನೇ ಎಕ್ಸ್‌ಕ್ಲೂಷನ್. ರಾತ್ರಿ ಹಾಸಿಗೆಯಲ್ಲಿ ಮಲಗಿದರೂ ಸ್ಲೀಪ್ ಸ್ಟಡಿ ಅದರೊಳಗೇ ಬರುತ್ತದೆ. ಹೊರರೋಗಿ ಖರ್ಚು ಕೊಡುವ ಪಾಲಿಸಿ ಇದ್ದವರು ಆ ಭಾಗದಲ್ಲಿ ಕೇಳಿ. ಕೇರಳದ ಕಾಸ್ಪ್ (ಸರಕಾರಿ ಆರೋಗ್ಯ ವಿಮೆ) ಕಾರ್ಡಿನವರು ಗಡಿಯಾಚೆ ಅದು ನಡೆಯುತ್ತದೆಯೇ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ.

ಹೆಂಗಸರ ವಿಷಯವಾಗಿ ಒಂದು ಮಾತು. ನಮ್ಮಲ್ಲಿ ಗೊರಕೆ ಕಡಿಮೆ ಕೇಳಿಸುತ್ತದೆ. ನಿದ್ದೆ ಬಾರದಿರುವುದು, ಸದಾ ಆಯಾಸ, ಬೆಳಗಿನ ತಲೆನೋವು ಹೆಚ್ಚು, ಮುಟ್ಟು ನಿಂತ ಮೇಲೆ ಅಪಾಯವೂ ಹೆಚ್ಚು. ಸ್ಟಾಪ್-ಬ್ಯಾಂಗ್ ಹಾಳೆಯಲ್ಲಿ ಗಂಡಸಿಗೆ ಸಿಗುವ ಅಂಕವೂ ನಮಗಿಲ್ಲ. ಅಂಕ 3 ಇದ್ದರೂ ಹಿಂದೆ ಬರದೆ ಪರೀಕ್ಷೆ ಕೇಳಿ.

ಪೂರ್ತಿ ವರದಿಯ ಪ್ರತಿ ಮನೆಯಲ್ಲೂ ಮೊಬೈಲಿನಲ್ಲೂ ಇರಲಿ. ತೂಕ ಶೇ. 10ರಷ್ಟು ಏರಿಳಿದರೆ ಮತ್ತೆ ಪರೀಕ್ಷೆ ಬೇಕಾಗಬಹುದು. ಹರ್ನಿಯಾವೋ ಮೂಳೆಮುರಿತವೋ, ಯಾವುದೇ ಶಸ್ತ್ರಚಿಕಿತ್ಸೆಗೆ ದಾಖಲಾದರೆ ಅರಿವಳಿಕೆ ವೈದ್ಯರಿಗೆ ಈ ವರದಿ ಮೊದಲು ತೋರಿಸಬೇಕು. ಮಂಪರು ಬರಿಸುವ ಮದ್ದು, ನೋವಿನ ಇಂಜೆಕ್ಷನ್ ಎರಡೂ ಈ ಗಂಟಲನ್ನು ಮುಚ್ಚಿಸುತ್ತವೆ. ತಿಳಿದಿದ್ದರೆ ಅವರು ಮದ್ದಿನ ಪ್ರಮಾಣ ಹೊಂದಿಸಿ, ಆ ರಾತ್ರಿ ಆಮ್ಲಜನಕದ ಮೇಲೆ ಕಣ್ಣಿಡುತ್ತಾರೆ.